1970ರ ದಶಕದ ವಾಹನಗಳಲ್ಲಿ ನಿಮಗೆ ಅತ್ಯಂತ ಪ್ರಿಯವಾದುದು ಯಾವುದು, ಸ್ವಲ್ಪವೂ ಹಿಡಿಸದಿದ್ದುದು ಯಾವುದು?

ಈ ಪ್ರಶ್ನೆಗೆ ನನ್ನ ವಯಸ್ಸಿನ ಹೆಚ್ಚಿನವರು ಫಿಯೆಟ್ ಎಂದೋ ಅಂಬಾಸಡರ್ ಎಂದೋ ಉತ್ತರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಹೊಸ ಕಾರು ಬೇಕೆಂದರೆ ಉತ್ತರಪಾರಾದ ಅಂಬಾಸಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ 1974ರಿಂದ ಪದ್ಮಿನಿ ಎಂಬ ಹೆಸರು ಪಡೆದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್, ಈ ಮೂರನ್ನು ಬಿಟ್ಟರೆ ಆಗ ಸಾಮಾನ್ಯ ಕುಟುಂಬಕ್ಕೆ ಬೇರೆ ದಾರಿ ಇರಲಿಲ್ಲವೆಂದೇ ಹೇಳಬೇಕು. ನನಗೆ ಪ್ರಿಯವಾದುದು ಆ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್ ಎಂಬ ಕಾರು. ಹಿಡಿಸದಿದ್ದುದು ಬೆಂಗಳೂರಿನ ಬಾದಲ್ ಎಂಬ ಪುಟ್ಟ ಕಾರು. ಎರಡಕ್ಕೂ ಮುಖ್ಯ ಕಾರಣ ಅವುಗಳ ಚಕ್ರಗಳಲ್ಲಿದೆ, ಆ ಚಕ್ರಗಳು ನಮ್ಮೂರಿನ ದಾರಿಯೊಡನೆ ಹೇಗೆ ಹೊಂದಿಕೊಂಡವು ಎಂಬುದರಲ್ಲಿದೆ.

ನನ್ನ ಬಾಲ್ಯ ಕಳೆದದ್ದು ಕಾಸರಗೋಡಿನ ಬದಿಯಡ್ಕ ಮತ್ತು ಪೆರ್ಲದ ನಡುವಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದಕ್ಕೆ ಮೊದಲು ನಾವು ಕಣ್ಣಾನೂರು ಜಿಲ್ಲೆಗೆ ಸೇರಿದ್ದೆವು. ದೊಡ್ಡಪ್ಪ ಬೇರೆಯವರಿಂದ ಕೊಂಡುಕೊಂಡ ಹೆರಾಲ್ಡ್ ನಮ್ಮ ಅಂಗಳಕ್ಕೆ ಬಂದಾಗ ಅದರ ಉತ್ಪಾದನೆ ನಿಂತು ಕೆಲವು ವರ್ಷಗಳೇ ಆಗಿದ್ದವು. ಆ ಕಾರನ್ನು ನಾನು ಮೊದಲು ಮೆಚ್ಚಿದ್ದು ಅದರ ವೇಗಕ್ಕಲ್ಲ, ಅದು ತಿರುಗುವ ರೀತಿಗೆ. ಸುಮಾರು 25 ಅಡಿ ವ್ಯಾಸದ ವೃತ್ತದೊಳಗೆ ಪೂರ್ತಿ ತಿರುಗಬಲ್ಲ ಕಾರು ಅದು. ಬೇಸಗೆಯಲ್ಲಿ ಅಂಗಳದ ತುಂಬ ಅಡಿಕೆ ಒಣಹಾಕಿ, ತುಳಸಿಕಟ್ಟೆಯ ಸುತ್ತ ಒಂದಿಷ್ಟು ಜಾಗ ಮಾತ್ರ ಬಿಟ್ಟಿರುತ್ತಿದ್ದರು. ಬಾಡಿಗೆಗೆ ಬಂದ ಅಂಬಾಸಡರ್ ಅಲ್ಲಿ ಹಿಂದೆ ಮುಂದೆ ಮಾಡುತ್ತ ಬೆವರುವಾಗ, ದೊಡ್ಡಪ್ಪನವರು ಸ್ಟೀರಿಂಗನ್ನು ಕೊನೆಯವರೆಗೆ ಎಳೆದು, ಒಂದೇ ಒಂದು ಅಡಿಕೆಯನ್ನೂ ಮೆಟ್ಟದೆ, ಒಂದೇ ಸುತ್ತಿಗೆ ಕಾರನ್ನು ದಾರಿಯ ಕಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದರು.

ಎರಡನೆಯದು ಬಾನೆಟ್. ಹೆರಾಲ್ಡಿನ ಬಾನೆಟ್ಟಿಗೆ ಮಡ್‌ಗಾರ್ಡ್, ಹೆಡ್‌ಲೈಟ್ ಎಲ್ಲವೂ ಸೇರಿಕೊಂಡಿರುತ್ತವೆ. ಬದಿಯ ಕೊಂಡಿ ಬಿಡಿಸಿದರೆ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡು, ಎಂಜಿನ್, ಸ್ಟೀರಿಂಗ್, ಮುಂದಿನ ಸ್ಪ್ರಿಂಗ್ ಎಲ್ಲವೂ ಬಯಲಿಗೆ ಬರುತ್ತವೆ. ಕುಂಬಳೆಯಿಂದ ಬರುತ್ತಿದ್ದ ಮೇಸ್ತ್ರಿ ಮುಂದಿನ ಟೈರಿನ ಮೇಲೆ ಮಣೆಯ ಮೇಲೆ ಕುಳಿತಂತೆ ಕುಳಿತು, ಸ್ಪಾನರುಗಳನ್ನು ಷಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ಮೇಲೆ ಸಾಲಾಗಿ ಇಟ್ಟುಕೊಂಡು, ಕಾರ್ಬುರೇಟರ್ ಬಿಚ್ಚುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಯಾವ ಭಾಗ ಯಾವುದಕ್ಕೆ ಕೆಲಸ ಕೊಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ವಾಹನಗಳ ಮೇಲಿನ ನನ್ನ ಪ್ರೀತಿ ಹುಟ್ಟಿದ್ದು ಆ ಟೈರಿನ ಪಕ್ಕದಲ್ಲಿ.

ಈ ವಿನ್ಯಾಸಕ್ಕೆ ಹಿನ್ನೆಲೆಯಿದೆ. ಇಂಗ್ಲೆಂಡಿನಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಯ ಕೈಸೇರಿದಾಗ, ಕಂಪನಿಯು ಪ್ರತ್ಯೇಕ ಷಾಸಿಯ ಮೇಲೆ ಬಾಡಿಯ ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಹಳೆಯ ಕ್ರಮಕ್ಕೆ ಮರಳಬೇಕಾಯಿತು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂತು. ಅಲ್ಲಿ ಅದಕ್ಕೆ ಎರಡೇ ಬಾಗಿಲು. ನಾಲ್ಕು ಬಾಗಿಲಿನ ಹೆರಾಲ್ಡ್ ಮದರಾಸಿನವರು ನಮಗಾಗಿಯೇ ಮಾಡಿದ್ದು. 948 ಸಿಸಿ ಎಂಜಿನ್ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ.

ದೋಷ ಇರಲಿಲ್ಲವೆಂದು ನಾನು ಹೇಳಲಾರೆ. ಹಿಂದಿನ ಎರಡು ಚಕ್ರಗಳ ಆಕ್ಸಲ್‌ಗಳು ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ನಡುವಿನ ಡಿಫರೆನ್ಷಿಯಲ್ಲಿನ ಬಳಿ ಮಾತ್ರ ಬಾಗುತ್ತವೆ. ಆದ್ದರಿಂದ ಹಿಂದೆ ಮೂವರು ಕುಳಿತು ಡಿಕ್ಕಿಯಲ್ಲಿ ಗೋಣಿ ಚೀಲವಿದ್ದರೆ, ಕಾಲು ಅಗಲಿಸಿ ನಿಂತ ಎತ್ತಿನಂತೆ ಚಕ್ರಗಳು ಹೊರಕ್ಕೆ ಚಾಚಿಕೊಂಡು, ಟೈರು ಒಳಬದಿಯಲ್ಲೇ ಸವೆಯುತ್ತದೆ. ಖಾಲಿ ಕಾರನ್ನು ತಿರುವಿನಲ್ಲಿ ಜೋರಾಗಿ ಓಡಿಸಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಳ್ಳಬಹುದು, ಅದು ಅಪಾಯವೇ. ಇಲ್ಲಿನ ಮಾಲೀಕರಿಗೂ ಮೇಸ್ತ್ರಿಗಳಿಗೂ ಈ ಏರ್ಪಾಡು ರುಚಿಸದ ಕಾರಣ, ಸ್ಟ್ಯಾಂಡರ್ಡ್ ಕಂಪನಿಯವರು ಮುಂದೆ ತಂದ ಗೆಜೆಲ್ ಎಂಬ ಕಾರಿಗೆ ನಡುವೆ ಬಾಗದ ಸಾಮಾನ್ಯ ಗಟ್ಟಿ ಆಕ್ಸಲನ್ನೇ ಹಾಕಿದರು. ಅದು ಸರಿಯಾದ ತಿದ್ದುಪಡಿಯೇ ಆಗಿದ್ದರೂ ಗೆಜೆಲ್ ಹೆಚ್ಚು ಕಾಲ ಬಾಳಲಿಲ್ಲ.

ಇನ್ನು ಬಾದಲ್. ಕನ್ನಡನಾಡಿನಲ್ಲೇ ಹುಟ್ಟಿದ ಕಾರನ್ನು ಒಲ್ಲೆನೆನ್ನಲು ನನಗೆ ನಿಜವಾಗಿಯೂ ಬೇಸರವಿದೆ. ದಶಕದ ನಡುವಿನಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆ ಅದನ್ನು ತಂದಾಗ ಅದರ ಹಿಂದಿದ್ದ ಆಲೋಚನೆ ಒಳ್ಳೆಯದೇ ಆಗಿತ್ತು. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲು ದುಬಾರಿಯಾಗಿತ್ತು. ತುಕ್ಕು ಹಿಡಿಯದ ಫೈಬರ್ ಬಾಡಿ, ಹಿಂದುಗಡೆ 198 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಇರುವ ಅಗ್ಗದ ಕಾರು ಯಾರಿಗೆ ಬೇಡ? ಆದರೆ ಅದಕ್ಕೆ ಇದ್ದದ್ದು ಮೂರು ಚಕ್ರ, ಮುಂದೆ ಒಂದೇ.

ನಮ್ಮ ಕಡೆಯ ಆಗಿನ ಮಣ್ಣಿನ ದಾರಿಯನ್ನು ಕಂಡವರಿಗೆ ಇದರ ಕಷ್ಟ ಕೂಡಲೇ ಅರ್ಥವಾಗುತ್ತದೆ. ಜೀಪುಗಳ ಮತ್ತು ಎತ್ತಿನ ಗಾಡಿಗಳ ಚಕ್ರಗಳು ಎರಡೂ ಬದಿಯಲ್ಲಿ ಚರಂಡಿಯಂತೆ ಜಾಡು ಕೊರೆದಿರುತ್ತವೆ, ನಡುವೆ ಮುರಕಲ್ಲಿನ ದಿಣ್ಣೆ, ಅದರ ಮೇಲೆ ಹುಲ್ಲು. ನಾಲ್ಕು ಚಕ್ರದ ವಾಹನ ಜಾಡು ಹಿಡಿದು ಹೋಗುತ್ತದೆ. ಬಾದಲ್‌ನ ಹಿಂಚಕ್ರಗಳು ಜಾಡಿನಲ್ಲಿದ್ದರೆ ಮುಂಚಕ್ರ ಆ ದಿಣ್ಣೆಯ ಮೇಲೆಯೇ ಏರಬೇಕು; ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ, ಸ್ಟೀರಿಂಗಿನ ಮಾತು ಕೇಳಬೇಕಾದ ಏಕೈಕ ಚಕ್ರ ಅದು. ಟಾರು ರಸ್ತೆಯಲ್ಲೂ ಘಾಟಿಯ ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೂ ಹೊರಬದಿಗೂ ವಾಲುತ್ತದೆ, ಆ ಮೂಲೆಯಲ್ಲಿ ಆಧಾರ ಕೊಡುವ ಚಕ್ರವೇ ಇಲ್ಲ. ಎಂಜಿನ್ ಚಿಕ್ಕದಾದರೆ ನಿಧಾನವಾಗಿ ಹೋಗಬಹುದು. ಚಕ್ರವೇ ಇಲ್ಲದ ಮೂಲೆಗೆ ಚಾಲಕನ ಜಾಣ್ಮೆ ಎಷ್ಟು ಹೊತ್ತು ಆನಿಕೊಂಡೀತು?

ನಾನು ಬಾದಲನ್ನು ಕಂಡದ್ದು ಒಮ್ಮೆ ಮಾತ್ರ, ಮಂಗಳೂರಿನ ಹಂಪನಕಟ್ಟೆಯಲ್ಲಿ. ಜನ ಸುತ್ತ ನಿಂತು ನೋಡುತ್ತಿದ್ದರು. ದೊಡ್ಡಪ್ಪನವರು ಬಗ್ಗಿ ಮುಂದಿನ ಚಕ್ರವನ್ನೇ ತುಂಬ ಹೊತ್ತು ನೋಡಿ, “ಇದು ನಮ್ಮ ಮನೆಗೆ ಮುಟ್ಲಿಕ್ಕಿಲ್ಲ” ಎಂದಷ್ಟೇ ಹೇಳಿದರು.