ರೂಮಿ ಮಸ್ತಗಿ ಯಾವ ಮರದ್ದು?

ಪ್ರಶ್ನೆ: ಅತ್ತೆಯ ಹೊಟ್ಟೆ ಉಬ್ಬರಕ್ಕೆ ಯುನಾನಿ ಹಕೀಮರು ರೂಮಿ ಮಸ್ತಗಿ ಕೊಟ್ಟರು. ಇದು ಯಾವ ಮರದ ಅಂಟು?
– ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಗ್ರೀಸಿನ ಕಿಯೋಸ್ ದ್ವೀಪದ ಮಸ್ತಗಿ ಅನ್ನುವ ಕುಳ್ಳ ಮರದ್ದು, ಅಕ್ಕಾ. ಬೇಸಿಗೆಯಲ್ಲಿ ಬುಡ ಗುಡಿಸಿ, ಬಿಳಿ ಸುಣ್ಣದ ಪುಡಿ ಹರಡಿ, ತೊಗಟೆಗೆ ಗೀರು ಹಾಕುತ್ತಾರೆ. ಹನಿಗಳು ಬಿದ್ದು ಗಟ್ಟಿಯಾಗುತ್ತವೆ. ಆಮೇಲೆ ಕಸ ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದ್ದೇ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹಾಗೆ. 1346ರಿಂದ 1566ರವರೆಗೆ ದ್ವೀಪ ಆಳಿದ ಇಟಲಿಯ ಜಿನೋವಾ ನಗರದವರು ಈ ವ್ಯಾಪಾರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು.

ಬಾಯಿವಾಸನೆಗೆ ಅಗಿಯುವುದು ಬಹಳ ಹಳೆಯ ರೂಢಿ. ಸಣ್ಣ ಅಜೀರ್ಣಕ್ಕೆ ಸಾಂಪ್ರದಾಯಿಕ ಮದ್ದು ಅಂತ ಯುರೋಪಿನ ಔಷಧ ಸಂಸ್ಥೆಯೂ ಒಪ್ಪಿದೆ. ಧಾರವಾಡದಲ್ಲಿ ಗಿಡಮೂಲಿಕೆ ಅಂಗಡಿ ನಡೆಸುವ ನನಗೆ ಕಲಬೆರಕೆ ಕಂಡರೆ ಸಂಕಟ ಜಾಸ್ತಿ. ಅಗಿದು ನೋಡಿ: ಅಸಲಿ ಮೊದಲು ಪುಡಿಯಾಗಿ, ಆಮೇಲೆ ಮೆತ್ತಗಾಗುತ್ತದೆ. ಎರಡು ವಾರವಾದರೂ ಉಬ್ಬರ ಇಳಿಯದಿದ್ದರೆ ಅತ್ತೆಯನ್ನು ಡಾಕ್ಟರಿಗೆ ತೋರಿಸಿ.