ಜಪಾನಿನ ಅನಿಮೆ ಕಾರ್ಟೂನ್‌ಗಳಲ್ಲಿ ‘ಡ್ರ್ಯಾಗನ್ ಬಾಲ್’ನ ಗೋಕು, ‘ಒನ್ ಪಂಚ್ ಮ್ಯಾನ್’ನ ಸೈತಾಮಾ ಇಬ್ಬರೂ ಮಹಾ ಬಲಶಾಲಿಗಳು. ಇಬ್ಬರೂ ಹೋರಾಡುವ ಕಾರಣ ಒಂದೇನಾ?

ಮೇಲ್ನೋಟಕ್ಕೆ ಹಾಗೆ ಕಾಣುತ್ತೆ. ಇಬ್ಬರಿಗೂ ತಮಗೆ ಸರಿಸಾಟಿಯಾದ ಎದುರಾಳಿ ಬೇಕು. ಆದರೆ ಗೋಕುವಿಗೆ ಹೊಡೆದಾಟವೇ ಮೊದಲು, ಲೋಕ ಉಳಿಯುವುದು ಆಮೇಲಿನ ಮಾತು ಅಂತ ನನಗನ್ನಿಸುತ್ತದೆ.

ಮೊದಲ ಸಲ ಸೋತ ಶತ್ರು ವೆಜಿಟಾನನ್ನು ಗೆಳೆಯ ಕ್ರಿಲಿನ್ ಕೊಲ್ಲಲು ಹೊರಟಾಗ ತಡೆದವನು ಗೋಕು. ವೆಜಿಟಾನ ಜೊತೆ ಇನ್ನೊಂದು ಸಲ ಸೆಣಸುವ ಆಸೆ! ಸೆಲ್ ಎಂಬ ರಾಕ್ಷಸನ ಜೊತೆಗಿನ ಕಾಳಗ ಇನ್ನೂ ವಿಚಿತ್ರ. ತಾನು ಸೋಲೊಪ್ಪಿಕೊಂಡು ಮಗ ಗೋಹಾನನನ್ನು ಕಣಕ್ಕಿಳಿಸುತ್ತಾನೆ. ಸಾಲದ್ದಕ್ಕೆ, ಪಂದ್ಯ ಸರಿಸಮ ಇರಲಿ ಅಂತ ದಣಿದ ಸೆಲ್‌ಗೆ ಶಕ್ತಿ ತುಂಬುವ ಸೆಂಜು ಬೀಜ ಎಸೆಯುತ್ತಾನೆ. ಕೊನೆಗೆ ಗೋಹಾನನ ಗುರು ಪಿಕೊಲೊ ಬೈಯಬೇಕಾಯಿತು: ಆ ಹುಡುಗನಿಗೆ ನಿನ್ನ ಹಾಗೆ ಹೊಡೆದಾಟದ ಹುಚ್ಚಿಲ್ಲ, ಅಪ್ಪ ಯಾಕೆ ಕಾಪಾಡಲು ಬರುತ್ತಿಲ್ಲ ಅಂತ ಯೋಚಿಸುತ್ತಿರಬಹುದು ಅಂತ. ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದವರು ಈ ಮಾತನ್ನು ಗಮನಿಸಿರುವುದು ಕಡಿಮೆ. ಎಲ್ಲರ ಕಣ್ಣು ಶಕ್ತಿ ಏರಿದಾಗ ಬರುವ ಬಂಗಾರದ ಕೂದಲಿನ ಮೇಲೇ ಅಲ್ವಾ?

ಸೈತಾಮಾ ಕೆಲಸ ಸಿಗದೆ ಅಲೆಯುತ್ತಿದ್ದವನು. ಏಡಿಯಂಥ ರಾಕ್ಷಸನಿಂದ ಒಬ್ಬ ಹುಡುಗನನ್ನು ಉಳಿಸಿದಾಗ ಹೀರೋ ಆಗುವ ಮನಸ್ಸಾಯಿತು. ದಿನಾ 100 ಪುಷ್‌ಅಪ್, 100 ಸಿಟ್‌ಅಪ್, 100 ಸ್ಕ್ವಾಟ್, 10 ಕಿ.ಮೀ. ಓಟ, 3 ವರ್ಷ. ಬಲ ಬಂತು, ಕೂದಲು ಹೋಯಿತು. ಒಂದೇ ಏಟಿಗೆ ಎಲ್ಲ ಮುಗಿಯುವುದರಿಂದ ಬೇಜಾರೂ ಬಂತು. ಹೀರೋ ಕೆಲಸ ಬರೀ ಹವ್ಯಾಸ ಅನ್ನುತ್ತಾನೆ. ಆದರೆ ಸಮುದ್ರರಾಜ ಎಂಬ ರಾಕ್ಷಸನನ್ನು ಕೊಂದ ಮೇಲೆ ಏನು ಮಾಡಿದ ನೋಡಿ. ಸೋತುಬಿದ್ದ ಹೀರೋಗಳನ್ನು ಒಬ್ಬ ಆಡಿಕೊಳ್ಳುತ್ತಾನೆ. ಅವರೆಲ್ಲ ಮೊದಲೇ ಹೊಡೆದು ಸುಸ್ತು ಮಾಡಿದ್ದಕ್ಕೇ ನನಗೆ ಸುಲಭ ಆಯ್ತು ಅಂತ ಸೈತಾಮಾ ಸುಳ್ಳು ಹೇಳುತ್ತಾನೆ. ಮೋಸಗಾರ ಅನ್ನಿಸಿಕೊಂಡ. ಗೋಕು ಒಳ್ಳೆಯವನೇ, ಆದರೆ ಇಂಥದ್ದು ಅವನ ತಲೆಗೆ ಹೊಳೆಯುತ್ತಿತ್ತಾ, ಅನುಮಾನ. ವೆಜಿಟಾನ ಕಥೆ ಬಿಡಿ, ಅವನದು ಪೂರ್ತಿ ಪ್ರತಿಷ್ಠೆ.

ಜೊತೆಗೆ ‘ಮಾಬ್ ಸೈಕೋ 100’ರ ಮಾಬ್ ಬಗ್ಗೆಯೂ ಹೇಳಲೇಬೇಕು. ಸೈತಾಮಾನನ್ನು ಸೃಷ್ಟಿಸಿದ ಲೇಖಕ ಒನ್ (ONE) ಅವರದೇ ಪಾತ್ರ. ಮನಸ್ಸಿನಿಂದಲೇ ಕಟ್ಟಡಗಳನ್ನು ಎತ್ತಬಲ್ಲ ಶಾಲಾ ಹುಡುಗ. ಆ ಶಕ್ತಿಯನ್ನು ಮನುಷ್ಯರ ಮೇಲೆ ಬಳಸಲು ಅವನಿಗೆ ಇಷ್ಟವೇ ಇಲ್ಲ. ಅವನ ಆಸೆ ಸುಬೋಮಿ ಎಂಬ ಹುಡುಗಿ ತನ್ನನ್ನು ಮೆಚ್ಚಬೇಕು ಅನ್ನುವುದು. ಅವಳಿಗೋ ಈ ಪವಾಡಗಳು ಎಂದೋ ಹಳಸಿವೆ. ಹಾಗಾಗಿ ಶಾಲೆಯಲ್ಲಿ ಕಸರತ್ತಿನ ಹುಡುಗರ ಗುಂಪು ಸೇರಿ, ಓಡಲಾಗದೆ ಬೀಳುತ್ತಾ ಏಳುತ್ತಾ ಓಡುತ್ತಾನೆ. ನನಗೆ ಮೂವರಲ್ಲಿ ಇವನೇ ಜಾಸ್ತಿ ಇಷ್ಟ. ಮೊದಲ ಸೀಸನ್ 12 ಎಪಿಸೋಡ್ ಅಷ್ಟೇ, ನೋಡಿ.