ಎಡ ಮಗ್ಗುಲಿನ ಚುಕ್ಕೆಗಳು

ಪ್ರಶ್ನೆ: ತಿಮಿಂಗಿಲ ಶಾರ್ಕ್‌ಗಳನ್ನು ವಿಜ್ಞಾನಿಗಳು ಒಂದೊಂದಾಗಿ ಗುರುತು ಹಿಡಿಯುತ್ತಾರೆ ಎಂದು ಟೀವಿಯಲ್ಲಿ ನೋಡಿದೆ. ಎಲ್ಲವೂ ಒಂದೇ ಥರ ಕಾಣುತ್ತವಲ್ಲ, ಹೇಗೆ? ಅದು ತಿಮಿಂಗಿಲವೋ ಮೀನೋ?
– ಓದುಗರು, ಕುಮಟಾ

ಉತ್ತರ: ಮೀನೇ. ಕರಾವಳಿಯಲ್ಲಿ ತಾಟೆ ಅಂತಾರಲ್ಲ, ಅದೇ ಕುಲ. 12 ಮೀಟರ್‌ಗಿಂತಲೂ ಉದ್ದ ಬೆಳೆಯಬಲ್ಲದ್ದರಿಂದ ತಿಮಿಂಗಿಲದ ಹೆಸರು ಸೇರಿಕೊಂಡಿದೆ. ತಿಮಿಂಗಿಲ ಬಾಲವನ್ನು ಮೇಲೆ ಕೆಳಗೆ ಬಡಿಯುತ್ತದೆ, ಇದು ಅಕ್ಕಪಕ್ಕಕ್ಕೆ ಬೀಸುತ್ತದೆ.

ಎಲ್ಲವೂ ಒಂದೇ ಥರ ಅಂತ ನಾನೂ ಅಂದುಕೊಂಡಿದ್ದೆ. ಒಂದು ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ತಂಗಿಯ ಜೊತೆ ಅಲ್ಲಿನ ಪಶ್ಚಿಮ ಕರಾವಳಿಯ ನಿಂಗಲೂ ಹವಳದಿಬ್ಬಕ್ಕೆ ಹೋದೆ. ದೋಣಿಯಿಂದಿಳಿದು ನೀರಿಗೆ ಮುಖ ಇಟ್ಟರೆ ಬರೀ ನೀಲಿ. ಆ ನೀಲಿಯಲ್ಲಿ ಮೊದಲು ಕಂಡದ್ದು ಬಿಳಿ ಚುಕ್ಕೆಗಳು. ಮೈ ಆಮೇಲೆ ಕಂಡಿತು. ಬೂದು ಬೆನ್ನಿನ ಮೇಲೆ ಸಾಲು ಚುಕ್ಕೆ, ನಡುನಡುವೆ ತೆಳ್ಳನೆ ಗೆರೆ. ಉಸಿರಾಡೋದೇ ಮರೆತುಹೋಯಿತು.

ಫೋಟೋ ತೆಗೆಯುವ ಹುಡುಗಿ ಮಾತ್ರ ಸೀದಾ ಎಡ ಮಗ್ಗುಲಿಗೆ ಈಜಿ, ಕಿವಿರುಗಳ ಹಿಂದಿನ ಜಾಗವನ್ನೇ ಕ್ಯಾಮೆರಾದಲ್ಲಿ ಹಿಡಿದಳು. ಯಾಕೆ ಎಡವೇ ಅಂದೆ. ‘ಎರಡು ಮಗ್ಗುಲಿನ ಚುಕ್ಕೆ ಬೇರೆ ಬೇರೆ. ಎಲ್ಲರೂ ಒಂದೇ ಕಡೆಯದು ತೆಗೆದರೆ ತಾನೇ ಹೋಲಿಸೋಕೆ ಬರೋದು?’ ಅಂದಳು.

ಚುಕ್ಕೆಗಳ ಜೋಡಣೆ ಪ್ರತಿ ಮೀನಿಗೂ ಬೇರೆ. ವರ್ಷಗಳು ಕಳೆದರೂ ಹಾಗೇ ಇರುತ್ತದೆ. ಆದರೆ ಸಾವಿರಾರು ಫೋಟೋಗಳನ್ನು ಕಣ್ಣಲ್ಲೇ ಹೋಲಿಸೋಕಾಗುತ್ತಾ? ದಾರಿ ಸಿಕ್ಕಿದ್ದು ಆಕಾಶದಲ್ಲಿ. ಎರಡು ಚಿತ್ರಗಳಲ್ಲಿರುವ ನಕ್ಷತ್ರಗಳನ್ನು ಹೊಂದಿಸಲು ಎಡ್ವರ್ಡ್ ಗ್ರೋತ್ 1986ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಮೂರು ಮೂರು ನಕ್ಷತ್ರ ಸೇರಿಸಿ ತ್ರಿಕೋನ ಮಾಡೋದು, ಆ ತ್ರಿಕೋನಗಳನ್ನು ಹೋಲಿಸೋದು. ಚಿತ್ರ ಚಿಕ್ಕದಿರಲಿ, ತಿರುಗಿರಲಿ, ತ್ರಿಕೋನದ ಆಕಾರ ಬದಲಾಗಲ್ಲ. ನಾಸಾದ ಖಗೋಳ ವಿಜ್ಞಾನಿ ಜಾವೆನ್ ಅರ್ಜುಮಾನಿಯನ್, ಪ್ರೋಗ್ರಾಮರ್ ಜೇಸನ್ ಹೋಂಬರ್ಗ್, ನಿಂಗಲೂನಲ್ಲಿ ಈ ಮೀನುಗಳ ಬೆನ್ನು ಹತ್ತಿದ್ದ ಬ್ರಾಡ್ ನಾರ್ಮನ್ ಸೇರಿ ಅದೇ ಲೆಕ್ಕವನ್ನು ಚುಕ್ಕೆಗಳಿಗೆ ಒಗ್ಗಿಸಿ 2005ರಲ್ಲಿ ಪ್ರಕಟಿಸಿದರು. ನನಗೆ ತುಂಬಾ ಇಷ್ಟವಾದದ್ದು ಇದು: ಮೀನಿಗೆ ಏನೂ ಚುಚ್ಚಬೇಕಿಲ್ಲ, ಮುಟ್ಟಲೂ ಬೇಕಿಲ್ಲ. ಪ್ರವಾಸಿಗರು ತೆಗೆದ ಫೋಟೋ ಆದರೂ ಸಾಕು.

ನೀವು ಕುಮಟಾದವರು. ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡಲು ಹೋಗುವವರು ಗೊತ್ತಿದ್ದರೆ ದಯವಿಟ್ಟು ಹೇಳಿ. ಈ ಮೀನು ಕಂಡರೆ 3 ಮೀಟರ್ ದೂರ ಇರಲಿ, ಬಾಲದಿಂದ ಇನ್ನೂ ಜಾಸ್ತಿ. ಎಡ ಮಗ್ಗುಲಿನ ಫೋಟೋ ಮೊದಲು. ಮೀನುಗಾರರ ಬಲೆಗೆ ಬಿದ್ದರೆ ಬಲೆ ಕೊಯ್ದು ಬಿಡಬೇಕು. 2001ರಿಂದ ಅದಕ್ಕೆ ಹುಲಿಯಷ್ಟೇ ಕಾನೂನಿನ ರಕ್ಷಣೆ ಇದೆ. ಬಲೆ ಅಂದರೆ ದುಡ್ಡು, ನಿಜ. ಆದರೂ ಒಂದು ಕಾಲದಲ್ಲಿ ಇದನ್ನೇ ಬೇಟೆಯಾಡುತ್ತಿದ್ದ ಗುಜರಾತಿನ ವೆರಾವಳ ಕಡೆಯ ಮೀನುಗಾರರು ಹೀಗೆ ನೂರಾರು ಮೀನುಗಳನ್ನು ಬಿಟ್ಟಿದ್ದಾರೆ.